ನಮ್ಮತ್ತೆಯ ಕ್ಷಮಾಯಾತ್ರೆ

ಪಾಸ್ಟರ್ ನಮ್ಮ ಬೀದಿಗೆ ಮೊದಲ ಸಲ ಬಂದಾಗ ಯಾವ ಮನೆಯ ಬೆಲ್ ಒತ್ತಬೇಕು ಎಂದು ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ಬೀದಿಯ ಕುಂಟು ನಾಯಿ ಕೂಡ ನಮ್ಮ ಮನೆಯೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ತೋರಿಸುತ್ತಿತ್ತು. ಅವರು ಕೇಳಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟು, ಹೆಗಲಿಗೆ ಗಿಟಾರು, ತರಬೇತಿ ಮುಗಿಸಿ ಬಂದ ಹುಮ್ಮಸ್ಸು ಇನ್ನೂ ಆರದ ಮುಖ. ಸೀದಾ ನಮ್ಮ ಬಾಗಿಲಿಗೇ ಬಂದರು. ಅತ್ತೆ ಒಳಗೆ ಕರೆದು ಕೂರಿಸಿದರು, ನೀರು ಕೊಟ್ಟರು, ಆಮೇಲೆ ಬೀದಿಯ ಒಂದೊಂದು ಮನೆಯ ಹುಳುಕನ್ನೂ ಬಿಡಿಸಿ ಬಿಡಿಸಿ ಹೇಳಿದರು. ಪಾಸ್ಟರ್ ಕಣ್ಣರಳಿಸಿಕೊಂಡು ಕೇಳಿದರು.

ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಹೀಗಂತೆ. ಹೊಸ ಬಡಾವಣೆಯಲ್ಲಿ ಸಭೆ ನೆಡಲು, ಅಂದರೆ ಹೊಸ ಚರ್ಚು ಶುರುಮಾಡಲು, ಹೋದವರು ಕಟ್ಟಡ ಹುಡುಕಬಾರದು, ಮನುಷ್ಯರನ್ನು ಹುಡುಕಬೇಕು. ಯಾರು ಗುರುತಿಲ್ಲದವರನ್ನೂ ಒಳಗೆ ಕರೆದು ನೀರು ಕೊಡುತ್ತಾರೋ, ಯಾರಿಗೆ ಬೀದಿಯ ಎಲ್ಲರೂ ಗೊತ್ತೋ, ಅವರೇ ‘ಸಮಾಧಾನದ ವ್ಯಕ್ತಿ’. ಸಭೆಯನ್ನು ಅವರ ಮನೆಯಲ್ಲೇ ಶುರುಮಾಡಬೇಕು. ಅವರ ಹಿಂದೆ ಬೀದಿಗೆ ಬೀದಿಯೇ ಬರುತ್ತದೆ.

ಅತ್ತೆಗೆ ಬೀದಿಯ ಎಲ್ಲರೂ ಗೊತ್ತಿದ್ದದ್ದು ನಿಜ. ಎಲ್ಲರ ಜೊತೆಗೂ ಜಗಳವಾಡಿದ ಮೇಲೆ ಗೊತ್ತಿಲ್ಲದೆ ಇರುತ್ತದೆಯೇ? ಎದುರುಮನೆಯ ನರ್ಸಮ್ಮನ ಬಾಲ್ಕನಿಯ ಗಿಡಗಳಿಗೂ ಇವರಿಗೂ ಆಗುವುದಿಲ್ಲ. ಮೇಲ್ಮನೆಯ ಟೀಚರ್ ಕುರ್ಚಿ ಎಳೆದರೆ ಇವರು ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟುತ್ತಿದ್ದರು. ಮೂಲೆಯ ಸೈಕಲ್ ಅಂಗಡಿಯವನಿಗೆ ಬೆಳಬೆಳಗ್ಗೆ ಆಗುತ್ತಿದ್ದ ಮಂಗಳಾರತಿ ಇಡೀ ಬೀದಿಗೆ ಅಲಾರಂ ಆಗಿತ್ತು. ಅಂಥವರನ್ನು ಹಿಡಿದು ಸಮಾಧಾನದ ವ್ಯಕ್ತಿ ಅಂದರೆ ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಳ್ಳದೆ ಇನ್ನೇನು ಮಾಡಲಿ?

ನಗುವುದಕ್ಕೆ ನನಗೆ ಹಕ್ಕಿತ್ತು. ಯಾಕೆಂದರೆ ಅತ್ತೆಯ ನಾಲಿಗೆಗೆ ಸಿಕ್ಕವರಲ್ಲಿ ಎಲ್ಲರಿಗಿಂತ ಹೆಚ್ಚು ಕಳಕೊಂಡವಳು ನಾನು. ಮೊದಲು ನನ್ನದು ಮನೆಮನೆಗೆ ಹೋಗಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಕೆಲಸ. ಒಬ್ಬರ ತಲೆ ನಮ್ಮ ಕೈಯಲ್ಲಿದ್ದರೆ ಅವರ ಮನಸ್ಸು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಕೆಲಸ ನನಗೆ ಜೀವವಾಗಿತ್ತು. ಆಗ ಅತ್ತೆಯ ಉಂಗುರ ಕಾಣದೆ ಹೋಯಿತು. ಸೊಸೆಯೇ ಕದ್ದಳು ಎಂದು ಅವರು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಸಾರಿದರು. ಅವರ ಬಾಯಿಂದ ಬಂದ ಬೇರೆ ಯಾವ ಮಾತನ್ನೂ ನಂಬದ ಬೀದಿ ಇದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿತು. ಒಂದೊಂದಾಗಿ ಮನೆಗಳು ಮುಚ್ಚಿಕೊಂಡವು. ಈಗ ನಾನು ಹೋಟೆಲೊಂದರ ಲಾಂಡ್ರಿಯಲ್ಲಿ ಚಾದರ ಮಡಿಸುತ್ತೇನೆ. ಚಾದರಗಳು ಯಾವ ಸುದ್ದಿಯನ್ನೂ ಹೇಳುವುದಿಲ್ಲ.

ಉಂಗುರ ಆಮೇಲೆ ಸಿಕ್ಕಿತು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಒಂದು ಭಾನುವಾರ ವಾಷಿಂಗ್ ಮಷಿನ್ ಬಿಚ್ಚಿದಾಗ ಅದರ ರಬ್ಬರಿನ ಮಡಿಕೆಯೊಳಗಿಂದ ಹೊರಬಂತು. ಮೂವರೂ ನೋಡಿದೆವು. ಅತ್ತೆ ಅದನ್ನು ಒರೆಸಿ ಬೀರುವಿನಲ್ಲಿಟ್ಟು, “ಈಗ ಹೋಗಿ ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?” ಅಂದರು. ಗಂಡ, “ಸಿಕ್ತಲ್ಲ, ಬಿಡು” ಅಂದ. ಅವನು ಅಮ್ಮನಿಗೂ ಹೆಂಡತಿಗೂ ನಡುವೆ ಯಾವ ಮಹಡಿಯಲ್ಲೂ ಬಾಗಿಲು ತೆರೆಯದ ಲಿಫ್ಟು. ಸಿಕ್ಕಿತು ಎಂದು ನಾನೇ ಹೇಳಿಕೊಂಡರೆ ಕದ್ದವಳೇ ತಂದಿಟ್ಟಳು ಅನ್ನುತ್ತಾರೆ. ಅತ್ತೆಯ ಬಾಯಿಂದಲೇ ಆ ಮಾತು ಬರಬೇಕಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

ಅಂತೂ ನಮ್ಮ ಮುಂದಿನ ಕೋಣೆಯಲ್ಲಿ ಸಭೆ ಶುರುವಾಯಿತು. ಪಾಸ್ಟರ್ ಮಡಚುವ ಕುರ್ಚಿಗಳನ್ನು ತಂದು ಸಾಲಾಗಿ ಜೋಡಿಸಿದರು. ಭಾನುವಾರ ಬಂತು, ಕುರ್ಚಿಗಳು ಬಂದವು, ಜನ ಬರಲಿಲ್ಲ. ಅತ್ತೆ ಮೊದಲ ಸಾಲಿನಲ್ಲಿ, ಗಂಡ ಕೊನೆಯ ಸಾಲಿನಲ್ಲಿ, ನಡುವೆ ಫ್ಯಾನಿನ ಗಾಳಿ. ಪಾಸ್ಟರ್ ಖಾಲಿ ಕುರ್ಚಿಗಳನ್ನು ನೋಡಿಕೊಂಡೇ “ಪ್ರಿಯರೇ” ಎಂದು ಕರೆದು ಮುಕ್ಕಾಲು ಗಂಟೆ ಮಾತಾಡಿದರು.

ಅವರು ಸೋಲೊಪ್ಪುವ ಜಾತಿಯಲ್ಲ. ಜನರ ಕಷ್ಟಸುಖಕ್ಕೆ ಆಗಬೇಕು, ಆಗ ಜನ ತಾವಾಗಿ ಬರುತ್ತಾರೆ ಎಂಬುದು ಅವರ ಮುಂದಿನ ಪಾಠ. ನಮ್ಮ ಮನೆಯೆದುರು ಮೇಜು ಹಾಕಿ ಉಚಿತವಾಗಿ ಬಿ.ಪಿ. ನೋಡಿಸಿದರು. ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟರು. ತಾವೇ ತೋಳು ಮಡಚಿ ಬೀದಿಯ ಕಿಟಕಿಗಾಜುಗಳನ್ನು ಒರೆಸಿದರು. ಜನ ಕೈಚಾಚಿ ಬಿ.ಪಿ. ನೋಡಿಸಿಕೊಂಡರು, ಬಣ್ಣದ ಪೆನ್ಸಿಲ್ ತಗೊಂಡರು, ಇನ್ನೊಂದು ಕಿಟಕಿ ಉಳಿದಿದೆ ಎಂದು ಬೆರಳು ತೋರಿಸಿದರು. “ಒಳಗೆ ಬನ್ನಿ, ಒಂದು ಹಾಡು ಕೇಳಿ” ಅಂದ ಕೂಡಲೇ ನಮ್ಮ ಬಾಗಿಲ ಕಡೆ ನೋಡಿ, ಆಗ ತಾನೇ ಸರಿಯಿದ್ದ ಬಿ.ಪಿ. ಏರಿಸಿಕೊಂಡು ಮನೆಗೆ ಹೋದರು.

ಒಂದು ಸಂಜೆ ಪಾಸ್ಟರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒರೆಸುವ ಬಟ್ಟೆ ಇನ್ನೂ ಹೆಗಲ ಮೇಲಿತ್ತು.

“ಸಿಸ್ಟರ್, ನಾನೆಲ್ಲಿ ತಪ್ಪಿದೆ?”

ಪಾಪ ಅನ್ನಿಸಿತು. ಹೇಳಿಬಿಟ್ಟೆ. “ಪಾಸ್ಟರ್, ನಮ್ಮತ್ತೆ ಸಮಾಧಾನದ ವ್ಯಕ್ತಿ ಅಲ್ಲ. ಈ ಬೀದೀಲಿ ಸಮಾಧಾನ ಅನ್ನೋದು ಇದ್ರೆ ಅದು ಅವರು ಮಲಗಿದ್ದಾಗ ಮಾತ್ರ.” ಗಿಡ, ಕುರ್ಚಿ, ಸೈಕಲ್ ಎಲ್ಲ ಹೇಳಿದೆ. ಕೊನೆಗೆ ಉಂಗುರದ ವಿಷಯವನ್ನೂ ಹೇಳಿದೆ, ಅದು ಎಲ್ಲಿ ಸಿಕ್ಕಿತು ಎಂಬುದನ್ನೂ.

ಅವರ ಮುಖ ಸಪ್ಪಗಾಯಿತು. ಆದರೆ ತರಬೇತಿ ಪಡೆದವರ ಮುಖ ಹೆಚ್ಚು ಹೊತ್ತು ಸಪ್ಪಗಿರುವುದಿಲ್ಲ. “ಹಾಗಾದ್ರೆ ಇನ್ನೂ ಒಳ್ಳೇದಾಯ್ತು ಸಿಸ್ಟರ್! ಎಲ್ಲರ ಜೊತೆ ಜಗಳ ಆಡಿದೋರು ಎಲ್ಲರ ಜೊತೆ ರಾಜಿ ಆದ್ರೆ, ಅದಕ್ಕಿಂತ ದೊಡ್ಡ ಸಾಕ್ಷಿ ಇದ್ಯಾ? ಅಮ್ಮ ಮನೆಮನೆಗೆ ಹೋಗಿ ಕ್ಷಮೆ ಕೇಳ್ಬೇಕು.”

“ನನ್ನ ವಿಷಯ?”

“ಅದು ಎಲ್ಲಕ್ಕಿಂತ ದೊಡ್ಡದು. ಕೊನೆಗೆ ಇಟ್ಕೊಳ್ಳೋಣ. ಸಭೆ ಉದ್ಘಾಟನೆ ದಿನ, ಎಲ್ಲರೆದುರು.”

ಎಲ್ಲರೆದುರು! ಆ ವಾರ ಲಾಂಡ್ರಿಯಲ್ಲಿ ನಾನು ಚಾದರ ಮಡಿಸಲಿಲ್ಲ, ತೇಲುತ್ತಿದ್ದೆ. ನನ್ನ ಕತ್ತರಿಗಳನ್ನು ಹೊರತೆಗೆದು ಎಣ್ಣೆ ಹಾಕಿಟ್ಟೆ.

ಅತ್ತೆ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ, ಒಪ್ಪಿದರು. ಮಾವ ಹೋದ ಮೇಲೆ ಅವರ ಎದುರು ಕೂತು ಮಾತು ಕೇಳಿದವರು ಈ ಪಾಸ್ಟರ್ ಒಬ್ಬರೇ. ಅದೂ ಅಲ್ಲದೆ, ಮುಚ್ಚಿದ ಬಾಗಿಲುಗಳೊಳಗೆ ಏನೇನಿದೆ ಎಂದು ನೋಡುವ ಆಸೆ ಯಾರಿಗಿಲ್ಲ? ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಒರೆಸಿಕೊಂಡು ಹೊರಟೇಬಿಟ್ಟರು. ಪಾಸ್ಟರ್ ಹಿಂದೆ, ಜೊತೆಗೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನಾನು.

ಅವರು ಕ್ಷಮೆ ಕೇಳುವ ರೀತಿಯನ್ನು ನೋಡಬೇಕಿತ್ತು. ನರ್ಸಮ್ಮನ ಸೋಫಾದ ಮೇಲೆ ಕೂತು, “ಗಿಡಕ್ಕೆ ನೀರು ಹಾಕೋದು ಹೇಗೆ ಅಂತಾನೂ ನಿಮಗೆ ಗೊತ್ತಿಲ್ಲ ಅಂತ ನನಗೆ ತಿಳೀಲಿಲ್ಲ ನೋಡಿ, ಬೇಕೂಂತಲೇ ಚೆಲ್ತೀರ ಅಂದ್ಕೊಂಡು ಬೈದೆ. ಮನಸ್ಸಲ್ಲಿ ಇಟ್ಕೋಬೇಡಿ” ಅಂದರು. ಟೀಚರಿಗೆ, “ಕುರ್ಚಿ ಎತ್ತಿಡೋಕೂ ಶಕ್ತಿ ಇಲ್ಲದ ಮೈ ನಿಮ್ದು, ನಾನು ಅರ್ಥ ಮಾಡ್ಕೋಬೇಕಿತ್ತು” ಅಂದರು. ಸೈಕಲ್ ಅಂಗಡಿಯವನಿಗೆ, “ನಿನಗೆ ಬುದ್ಧಿ ಬರ್ಲಿ ಅಂತ ಬೈತಿದ್ದೆನಪ್ಪ. ಬರಲ್ಲ ಅಂತ ಈಗ ಗೊತ್ತಾಯ್ತು. ತಪ್ಪು ನಂದೇ” ಅಂದರು.

ಈಗ ಬೀಳುತ್ತದೆ ಏಟು ಎಂದು ನಾನು ಉಸಿರು ಬಿಗಿಹಿಡಿದು ನಿಂತಿದ್ದರೆ, ಜನ ಅತ್ತರು! ನರ್ಸಮ್ಮ ಅತ್ತೆಯ ಕೈ ಹಿಡಿದುಕೊಂಡು, ತಾನೂ ಒಂದೆರಡು ಸಲ ಬೇಕೆಂದೇ ನೀರು ಚೆಲ್ಲಿದ್ದು ನಿಜ ಎಂದು ಒಪ್ಪಿಕೊಂಡರು. ವರ್ಷಗಟ್ಟಲೆ ಮೂತಿ ತಿರುಗಿಸಿಕೊಂಡು ಓಡಾಡಿ ಎಲ್ಲರಿಗೂ ಕತ್ತು ನೋವು ಬಂದಿತ್ತು ಎಂದು ಕಾಣುತ್ತದೆ. ಆ ಮನೆಗಳಲ್ಲಿ ನನ್ನನ್ನೂ ಕೂರಿಸಿದರು, ಆದರೆ ನಾನು ಕೂತ ಕೂಡಲೇ ಟೀಚರ್ ಮೇಜಿನ ಮೇಲಿದ್ದ ಪರ್ಸನ್ನು ಮಡಿಲಿಗೆ ಎಳೆದುಕೊಂಡರು. ಆಗಲಿ, ಇನ್ನೆಷ್ಟು ದಿನ, ಎಂದು ಹಲ್ಲು ಕಚ್ಚಿ ನಕ್ಕೆ.

ಉದ್ಘಾಟನೆಯ ದಿನ ನಮ್ಮ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಪಕ್ಕದವರಿಂದ ಕುರ್ಚಿ ಕೇಳಿ ತಂದ. ಪಾಸ್ಟರನ್ನು ಕಳಿಸಿಕೊಟ್ಟ ದೊಡ್ಡ ಸಭೆಯಿಂದ ದೊಡ್ಡ ಪಾಸ್ಟರೇ ಬಂದು ಹೂವಿನ ಕುಂಡದ ಪಕ್ಕ ಕೂತಿದ್ದರು. ಹಾಡು, ಪ್ರಾರ್ಥನೆ ಎಲ್ಲ ಆದ ಮೇಲೆ ದೇವರು ತಮ್ಮನ್ನು ಹೇಗೆ ಬದಲಿಸಿದ ಎಂದು ಸಾಕ್ಷಿ ಹೇಳಲು ಅತ್ತೆ ಎದ್ದರು. ನಾನು ಟೀ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಅತ್ತೆ ಚೆನ್ನಾಗಿಯೇ ಮಾತಾಡಿದರು. ಗಿಡ ಬಂತು, ಕುರ್ಚಿ ಬಂತು, ಸೈಕಲ್ ಬಂತು. ಜನ ನಕ್ಕರು, ಕಣ್ಣೊರೆಸಿಕೊಂಡರು. ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ಇನ್ನು ಕೊನೇದು. ನನ್ನ ಸೊಸೆ. ಉಂಗುರದ ವಿಷಯ ನಿಮಗೆಲ್ಲ ಗೊತ್ತೇ ಇದೆ.” ಸೆರಗು ಸರಿಮಾಡಿಕೊಂಡರು. “ಇವತ್ತು ಎಲ್ಲರೆದುರು ಹೇಳ್ತಿದೀನಿ. ನಾನು ಅವಳನ್ನ ಕ್ಷಮಿಸ್ಬಿಟ್ಟೆ.”

ಕೋಣೆ ಹಾರಿಹೋಗುವ ಹಾಗೆ ಚಪ್ಪಾಳೆ. “ಸ್ತೋತ್ರ!” ಎಂದರು ದೊಡ್ಡ ಪಾಸ್ಟರ್. ಟೀಚರ್ ಬಿಕ್ಕಿ ಬಿಕ್ಕಿ ಅತ್ತರು. ನರ್ಸಮ್ಮ ಎದ್ದು ಬಂದು ತಟ್ಟೆ ಹಿಡಿದಿದ್ದ ನನ್ನನ್ನು ಹಾಗೇ ತಬ್ಬಿಕೊಂಡು, “ನಾವೂ ಕ್ಷಮಿಸಿದೀವಿ ಕಣಮ್ಮ. ನಾಳೆಯಿಂದ ಬಾ, ನನ್ನ ಕೂದಲು ನೋಡು ಹೇಗಾಗಿದೆ. ಹಳೇದನ್ನೆಲ್ಲ ಯಾರೂ ಮನಸ್ಸಲ್ಲಿ ಇಟ್ಕೊಳ್ಳಲ್ಲ” ಅಂದರು.

ತಲೆ ಆಡಿಸಿದ್ದರೆ ಸಾಕಿತ್ತು. ಬಾಗಿಲುಗಳೆಲ್ಲ ತೆರೆಯುತ್ತಿದ್ದವು, ಕತ್ತರಿಗೆ ಮತ್ತೆ ಕೆಲಸ ಸಿಗುತ್ತಿತ್ತು. ಕಳ್ಳಿಯಾಗಿದ್ದೆ, ಈಗ ಒಳ್ಳೆಯ ಕಳ್ಳಿಯಾಗುತ್ತಿದ್ದೆ ಅಷ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು.

“ನಾನು ಕದ್ದಿಲ್ಲ,” ಎಂದೆ. “ಉಂಗುರ ವಾಷಿಂಗ್ ಮಷಿನ್ನಲ್ಲಿ ಸಿಕ್ತು. ಇವರೇ ತೆಗೆದಿದ್ದು, ಕೇಳಿ.”

ಎಲ್ಲರೂ ನನ್ನ ಗಂಡನನ್ನು ನೋಡಿದರು. ಅವನು ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ಕೈಯಲ್ಲಿದ್ದ ಮಡಚುವ ಕುರ್ಚಿಯನ್ನು ಬಿಡಿಸತೊಡಗಿದ. “ಹೋಗ್ಲಿ ಬಿಡಿ. ಮುಗಿದುಹೋದ ಮಾತು,” ಅಂದ. ಹೀಗೆ ಹೇಳುವ ಗಂಡ ಹೆಂಡತಿಯ ಕಳ್ಳತನವನ್ನು ಮುಚ್ಚಿಹಾಕುತ್ತಿದ್ದಾನೆ ಎಂದಲ್ಲದೆ ಇನ್ನೇನು ತಿಳಿದಾರು ಜನ?

ಪಾಸ್ಟರಿಗೆ ಗೊತ್ತಿತ್ತು. ನಾನೇ ಬಾಯಿಬಿಟ್ಟು ಹೇಳಿದ್ದೆ. ನಾನು ಅವರನ್ನೇ ನೋಡಿದೆ. ಅವರು ದೊಡ್ಡ ಪಾಸ್ಟರನ್ನು ನೋಡಿದರು, ತುಂಬಿದ ಕೋಣೆಯನ್ನು ನೋಡಿದರು. “ಸಿಸ್ಟರ್, ಕ್ಷಮೆ ಕೊಡೋದಕ್ಕಿಂತ ಅದನ್ನ ಸ್ವೀಕರಿಸೋದಕ್ಕೆ ಹೆಚ್ಚು ವಿನಯ ಬೇಕು,” ಎಂದು ಮೆಲ್ಲಗೆ ಹೇಳಿ ಗಿಟಾರು ಎತ್ತಿಕೊಂಡರು. ಎಲ್ಲರೂ ಹಾಡಿದರು. ಯಾವುದರಲ್ಲೂ ಒಮ್ಮತವಿಲ್ಲದ ಬೀದಿ ಒಂದೇ ಶ್ರುತಿಯಲ್ಲಿ ಹಾಡಿದ್ದು ಅದೇ ಮೊದಲು. ಸಭೆ ನೆಟ್ಟಾಯಿತು.

ಜನ ಹೋದ ಮೇಲೆ ಅಡುಗೆಮನೆಯಲ್ಲಿ ಟೀ ಕಪ್ಪುಗಳನ್ನು ತೊಳೆಯುತ್ತಿದ್ದೆ. ಅತ್ತೆ ಬಂದು, ಯಾವತ್ತೂ ಇಲ್ಲದ್ದು, ಪಕ್ಕದಲ್ಲಿ ನಿಂತು ಒರೆಸತೊಡಗಿದರು.

“ಯಾಕೆ ಹಾಗಂದ್ರಿ ಅತ್ತೆ? ನಿಮಗೆ ಗೊತ್ತಿಲ್ವಾ?”

“ಗೊತ್ತು.” ಒಂದು ಕಪ್ಪನ್ನು ಹೊಳೆಯುವ ತನಕ ಒರೆಸಿದರು. “ಬೀದೀಲಿರೋರ ಹತ್ರವೆಲ್ಲ ಕೈಮುಗಿದು ಬಂದೆ. ಎಲ್ಲರೂ ನನ್ನ ಕ್ಷಮಿಸಿದ್ರು. ನಾನೂ ಒಬ್ಬರನ್ನ ಕ್ಷಮಿಸ್ಬೇಡ್ವಾ? ನೀನಲ್ದೆ ಇನ್ಯಾರಿದಾರೆ ನನಗೆ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರೂ ಇತ್ತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಯಾಕೆಂದರೆ ಒಂದು ಕ್ಷಣ ಪಾಪ ಅನ್ನಿಸಿಬಿಟ್ಟಿತ್ತು. “ನಿಮ್ಮ ಕ್ಷಮೆ ನೀವೇ ಇಟ್ಕೊಳ್ಳಿ. ನನಗೆ ಬೇಡ,” ಎಂದೆ.

ಸಭೆ ಈಗ ಚೆನ್ನಾಗಿ ಬೇರುಬಿಟ್ಟಿದೆ. ನರ್ಸಮ್ಮನ ಕೂದಲು ಇನ್ನೂ ಹಾಗೆಯೇ ಇದೆ, ನಾನು ಹೋಗಲಿಲ್ಲ. ಆದರೆ ಸಭೆಯನ್ನು ಮಾತ್ರ ಒಂದು ಭಾನುವಾರವೂ ತಪ್ಪಿಸುವುದಿಲ್ಲ. ಮೊದಲ ಸಾಲಿನಲ್ಲಿ, ಪಾಸ್ಟರ ಮೂಗಿನ ಕೆಳಗೇ ಕೂರುತ್ತೇನೆ. “ಯಾರಾದ್ರೂ ಸಾಕ್ಷಿ ಹೇಳೋರಿದೀರಾ?” ಎಂದು ಅವರು ಕೇಳಿದ ಕೂಡಲೇ ಕೈ ಎತ್ತುತ್ತೇನೆ. ಅವರು ನನ್ನ ತಲೆಯ ಮೇಲಿಂದ ಹಿಂದಿನ ಸಾಲುಗಳನ್ನು ನೋಡುತ್ತಾರೆ. ಅಲ್ಲಿ ಯಾರೂ ಸಿಗದಿದ್ದರೆ ಗಡಿಬಿಡಿಯಲ್ಲಿ ಹಾಡು ಶುರುಮಾಡುತ್ತಾರೆ. ಹಾಡು ಮುಗಿಯುವ ತನಕ ನಾನು ಕೈ ಇಳಿಸುವುದಿಲ್ಲ. ಹೊಸದಾಗಿ ಬಂದವರು ಅದನ್ನು ಭಕ್ತಿ ಎಂದುಕೊಂಡು ತಾವೂ ಕೈ ಎತ್ತುತ್ತಾರೆ.