ಮರೆಪ್ಪ, ದಾನಪ್ಪ ಮಾಡಿಕೊಂಡ ಒಪ್ಪಂದ

ಮರೆಪ್ಪ ಮತ್ತು ದಾನಪ್ಪ ಯಾದಗಿರಿ ಕಡೆಯ ಒಂದೇ ಓಣಿಯಲ್ಲಿ ಹುಟ್ಟಿದವರು. ಈಗ ಮುಂಬಯಿಯ ಕಾಂದಿವಲಿಯ ಒಂದೇ ಚಾಳಿನಲ್ಲಿ ಇಬ್ಬರದೂ ಎದುರುಬದುರು ಖೋಲಿ. ಕಟ್ಟಡಗಳಿಗೆ ಸ್ಲ್ಯಾಬ್ ಹಾಕುವ ಮುಂಚೆ ಹಲಗೆ, ಕಬ್ಬಿಣ ಕಟ್ಟುವ ಕೆಲಸವನ್ನು ಜೊತೆಯಾಗಿಯೇ ಮಾಡುತ್ತಿದ್ದರು. ಎಲ್ಲದರಲ್ಲೂ ಒಂದಾಗಿದ್ದವರು ರಾಜಕೀಯದಲ್ಲಿ ಮಾತ್ರ ಬೇರೆ. ಊರಿಗೆ ಡಾಂಬರು ರಸ್ತೆ ತಂದವನೆಂದು ಮರೆಪ್ಪ ಹಾಲಿ ಶಾಸಕನ ಕಡೆ. ತನ್ನ ತಮ್ಮನಿಗೆ ಆಪರೇಷನ್ ಆಗುವಾಗ ಆಸ್ಪತ್ರೆಗೆ ಖುದ್ದಾಗಿ ಬಂದು ನಿಂತಿದ್ದನೆಂದು ದಾನಪ್ಪ ಮಾಜಿ ಶಾಸಕನ ಕಡೆ. ಊರಿನ ಯಾವ ಮನೆ ಯಾರ ಕಡೆ ಎಂಬುದನ್ನು ಇಬ್ಬರೂ ಕಣ್ಣುಮುಚ್ಚಿ ಹೇಳುತ್ತಿದ್ದರು.

ಈ ಸಲ ವಿಧಾನಸಭೆ ಚುನಾವಣೆ ಬಂದಾಗ ಸೈಟಿನಲ್ಲಿ ಕೆಲಸ ಜೋರಾಗಿತ್ತು. ಓಟು ಹಾಕಲು ಊರಿಗೆ ಹೋಗಬೇಕೆಂದು ಛುಟ್ಟಿ ಕೇಳಿದರೆ, ಕೂಲಿಗಳ ಮೇಲ್ವಿಚಾರಕನಾದ ಮುಕಾದಮ ಮುಖ ಗಂಟಿಕ್ಕುತ್ತಿದ್ದ. ಚಹಾ ಕುಡಿಯುವಾಗ ದಾನಪ್ಪನೇ ವಿಷಯ ತೆಗೆದ.

"ನೋಡು ಮರೆಪ್ಪ, ನೀ ಹೋಗಿ ಅವನಿಗೆ ಬಟನ್ ಒತ್ತಾಂವ, ನಾ ಹೋಗಿ ಇವನಿಗೆ ಒತ್ತಾಂವ. ನಿಂದು ನಂದು ಓಟು ಕಟ್ ಆಗ್ತದ. ಇಬ್ಬರೂ ಹೋಗದಿದ್ರ ಹಿಸಾಬು ಬರಾಬರ್."

"ನಾ ಇಲ್ಲಿ ಕುಂತಾಗ ನೀ ಸುಮ್ನ ರೈಲು ಹತ್ತಿದ್ರ?"

"ನಮ್ಮವ್ವನ ಆಣಿ, ಹತ್ತಂಗಿಲ್ಲ."

ದಾನಪ್ಪನ ತಾಯಿ ತೀರಿಕೊಂಡು ವರ್ಷವಾಗಿರಲಿಲ್ಲ. ಆ ಆಣೆ ಕೇಳಿ ಮರೆಪ್ಪ ಒಪ್ಪಿಕೊಂಡ.

ಸಂಜೆ ಮರೆಪ್ಪ ಇದನ್ನು ಹೆಂಡತಿ ಇಂದ್ರಾಬಾಯಿಗೆ ಹೇಳಿದ. ಅವಳು ಹತ್ತಿರದ ಬಿಲ್ಡಿಂಗಿನ ಎರಡು ಮನೆಗಳಲ್ಲಿ ರೊಟ್ಟಿ, ಪಲ್ಯ ಮಾಡಿಕೊಟ್ಟು ಬರುವವಳು. ಅಕ್ಕಿ ತೊಳೆಯುತ್ತಲೇ ಕೇಳಿಸಿಕೊಂಡಳು.

"ನೀವಿಬ್ಬರು ಮಾತಾಡಿಕೊಂಡೀರಿ. ನಮ್ಮನ್ನ ಯಾರ ಕೇಳ್ಯಾರ?"

"ಮತಲಬ್? ಏನಂತೀ?"

"ನಾನು, ಅಂಬವ್ವ ಓಟು ಹಾಕಾಕ ಊರಿಗೆ ಹೊಂಟೀವಿ. ಕೆಲಸದ ಮನಿ ಮೇಡಂಗ ಹೇಳೀನಿ."

ಅಂಬವ್ವ ದಾನಪ್ಪನ ಹೆಂಡತಿ. ಮರೆಪ್ಪ ತಕ್ಷಣ ಎದುರಿನ ಖೋಲಿಗೆ ಹೋದ. ಅಲ್ಲಿಯೂ ಅದೇ ಮಾತು ನಡೆದಿತ್ತು. ಗಂಡಸರಿಬ್ಬರೂ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಯೋಚಿಸಿದರು. ಕೊನೆಗೆ ದಾನಪ್ಪನ ಮುಖ ಸಡಿಲವಾಯಿತು.

"ಹೋಗ್ಲಿ ಬಿಡು. ನಿನ್ನಾಕಿ ನಿಮ್ಮವನಿಗೆ ಹಾಕ್ತಾಳ, ನನ್ನಾಕಿ ನಮ್ಮವನಿಗೆ. ಆವಾಗೂ ಬರಾಬರ್."

ಮರೆಪ್ಪನಿಗೂ ಅದು ಸರಿಯೆನಿಸಿತು. ಹೊರಡುವ ದಿನ ಅವನು ಇಂದ್ರಾಬಾಯಿಗೆ ತಮ್ಮ ಪಕ್ಷದ ಗುರುತನ್ನು ಇನ್ನೊಮ್ಮೆ ಹೇಳಿದ. ಅವಳು ಹ್ಞೂಂ ಎಂದಳು. ಎರಡೂ ಪಕ್ಷದವರು ಮುಂಬಯಿಯ ಮತದಾರರಿಗೆಂದು ಬಸ್ಸು ಕಳಿಸಿದ್ದರು. ಹೆಂಗಸರಿಬ್ಬರೂ ಯಾವುದನ್ನೂ ಹತ್ತದೆ, ಬುತ್ತಿ ಕಟ್ಟಿಕೊಂಡು ರೈಲಿನ ಜನರಲ್ ಡಬ್ಬಿಯಲ್ಲಿ ಹೋದರು.

ಮತದಾನ ಮುಗಿದ ಮೇಲೆ ಊರಿನಿಂದ ಮರೆಪ್ಪನ ಸೋದರಮಾವನ ಮಗ ಕಾಶಿನಾಥ ಫೋನು ಮಾಡಿದ. ಅವನು ಮತಗಟ್ಟೆಯಲ್ಲಿ ಪಕ್ಷದ ಏಜೆಂಟನಾಗಿ ಕೂತಿದ್ದವನು.

"ಏನ್ ಮಾರಾಯಾ, ಈ ಸಲ ನಮ್ಮ ಓಣ್ಯಾಗ ಗಂಡಸರಕಿಂತ ಹೆಣ್ಮಕ್ಕಳ ಓಟೇ ಜಾಸ್ತಿ. ಬೊಂಬಾಯಿಯ ಪರೇಲ್, ಬೈಕುಲ್ಲಾ ಕಡಿಂದನೂ ಬಂದಿದ್ರು. ಎಲ್ಲಾರಿಗೂ ಅಂಬವ್ವನೇ ಫೋನ್ ಮಾಡ್ಯಾಳಂತ. ಯಾರಿಗೆ ಹಾಕ್ಯಾರ ಅಂತ ಒಬ್ಬಾಕಿನೂ ಬಾಯಿ ಬಿಡಾಕತ್ತಿಲ್ಲ. ನಮಗ ಲೆಕ್ಕಾನೇ ಹತ್ತವಲ್ದು."

ಮರೆಪ್ಪ ಫೋನು ಕೆಳಗಿಟ್ಟ. ಇಡೀ ಊರಿನ ಒಲವು ತನಗೆ ಗೊತ್ತೆಂದುಕೊಂಡಿದ್ದ. ಈಗ ತನ್ನ ಖೋಲಿಯದೇ ಗೊತ್ತಿರಲಿಲ್ಲ.

ಇಂದ್ರಾಬಾಯಿ ಮರಳಿ ಬಂದಾಗ ಅವನು ಅನ್ನ ಮಾಡಿಟ್ಟಿದ್ದ, ತಳ ಸ್ವಲ್ಪ ಹತ್ತಿತ್ತು. ಅವಳು ಉಣ್ಣಲು ಕೂತಳು. ಅವನು ತಡೆಯಲಾರದೆ ಕೇಳಿದ.

"ಯಾರಿಗೆ ಹಾಕಿದಿ?"

"ಹಾಕೀನಿ."

"ಅದನ್ನೇ ಕೇಳಾಕತ್ತೀನಿ, ಯಾರಿಗೆ?"

ಅವಳು ಇನ್ನಷ್ಟು ಅನ್ನ ಬಡಿಸಿಕೊಂಡಳು. ಮರೆಪ್ಪನಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿಗೆ ಹೇಳಿಕೊಳ್ಳುವಂಥ ಕಾರಣ ಸಿಗಲಿಲ್ಲ. ಕೊನೆಗೆ ಬೇರೆ ಮಾತು ಕೇಳಿದ.

"ಅಷ್ಟು ದೂರ ಯಾಕ ಹೋದ್ರಿ?"

ಇದಕ್ಕೆ ಅವಳು ಉತ್ತರ ಕೊಟ್ಟಳು. ದಾನಪ್ಪನ ತಾಯಿ ಸತ್ತಾಗ ಅಂಬವ್ವ ಊರಿನಲ್ಲೇ ಇದ್ದಳು. ಮಳೆಗಾಲ. ಇವರ ಓಣಿಯಿಂದ ಮಣ್ಣು ಮಾಡುವ ಜಾಗಕ್ಕೆ ದಾರಿಯೇ ಇಲ್ಲ. ಬೇರೆಯವರ ಹೊಲದಲ್ಲಿ ಮೊಣಕಾಲವರೆಗಿನ ಕೆಸರಿನಲ್ಲಿ ಹೊತ್ತುಕೊಂಡು ಹೋಗುವಾಗ ಹೆಗಲು ಕೊಟ್ಟವರು ಜಾರಿದರು, ಹೆಣ ನೆಲಕ್ಕೆ ಬಿತ್ತು. ದಾನಪ್ಪ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅಂಬವ್ವ ದಾರಿ ಕೇಳಲು ಪಂಚಾಯ್ತಿಗೆ ಹೋಗಿದ್ದಳು.

"ಆ ಮೆಂಬರ್ ಏನಂದ ಗೊತ್ತೇನು? ನಿಮ್ಮ ಓಣ್ಯಾಗ ಓಟರೇ ಎಲ್ಲ್ಯದಾರ, ಎಲ್ಲಾ ಬೊಂಬಾಯ್ದಾಗ ಅದಾರ, ಯಾರ ಸಲುವಾಗಿ ದಾರಿ ಮಾಡ್ಲಿ ಅಂದ. ನೀವಿಬ್ಬರು ಯಾರು ಗೆಲ್ಲಬೇಕು ಅಂತ ಜಗಳಾಡ್ತೀರಿ. ನಾವು ಅದೀವಿ ಅಂತ ತೋರಿಸಿ ಬಂದೀವಿ."

ಮರುದಿನ ಸೈಟಿನಲ್ಲಿ ಮರೆಪ್ಪ ಇದನ್ನು ದಾನಪ್ಪನಿಗೆ ಹೇಳಿದ. ತಂತಿ ಬಿಗಿಯುತ್ತಿದ್ದ ದಾನಪ್ಪನ ಕೈ ನಿಂತಿತು.

"ನಮ್ಮವ್ವ ಬಿದ್ದಿದ್ದು ನನಗ ಯಾರೂ ಹೇಳಿಲ್ಲ."

"ನಿನಗ ಸಂಕಟ ಆಗ್ತದಂತ ಅಂಬವ್ವ ಹೇಳಿರಲಿಕ್ಕಿಲ್ಲ."

ದಾನಪ್ಪ ಮತ್ತೆ ತಂತಿ ಬಿಗಿಯತೊಡಗಿದ. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಫಲಿತಾಂಶದ ದಿನ ಇಬ್ಬರೂ ಒಂದೇ ಮೊಬೈಲಿನಲ್ಲಿ ನೋಡಿದರು. ಹಾಲಿ ಶಾಸಕನೇ ಗೆದ್ದ, ಮೊದಲಿನಷ್ಟು ಸಲೀಸಾಗಿ ಅಲ್ಲ. ಮರೆಪ್ಪನಿಗೆ ಕುಣಿಯುವ ಮನಸ್ಸಾಗಲಿಲ್ಲ, ದಾನಪ್ಪನೂ ಜಗಳ ತೆಗೆಯಲಿಲ್ಲ. ಕೆಲವು ವಾರಗಳ ಮೇಲೆ ಕಾಶಿನಾಥ ಮತ್ತೆ ಫೋನು ಮಾಡಿ, ಪಂಚಾಯ್ತಿಯವರು ಓಣಿಗೆ ಬಂದು ದಾರಿಗಾಗಿ ಹೊಲದ ಬದು ನೋಡಿಕೊಂಡು ಹೋದರೆಂದು ಹೇಳಿದ. ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಅದನ್ನು ಕೇಳಿ ದಾನಪ್ಪ ಗ್ಯಾಲರಿಗೆ ಬಂದು ಮರೆಪ್ಪನನ್ನು ಕರೆದ.

"ಪಂಚಾಯ್ತಿ ಎಲೆಕ್ಷನ್‌ಗೆ ನಾಕೂ ಮಂದಿ ಹೋಗೂಣು ಮರೆಪ್ಪ. ಮುಕಾದಮ ಏನರೆ ಅನ್ಲಿ."

"ಹೋಗೂಣು," ಎಂದ ಮರೆಪ್ಪ. ಆಮೇಲೆ ತಮ್ಮ ಖೋಲಿಯ ಬಾಗಿಲ ಕಡೆ ನೋಡಿ, "ತಡಿ, ಅಕಿನ್ನ ಒಂದ್ ಮಾತ ಕೇಳ್ತೀನಿ," ಎಂದು ಒಳಗೆ ಹೋದ.