ಮರಿಯಮಳ ಒಂದೇ ಸಾಲು

"ನಿಮ್ಮ ಬಂಗಾರದಂಥ ಹುಡುಗಿ ಫೇಲ್ ಆಗ್ಯಾಳ್ರಿ, ಬಾಯಾರ," ಎಂದು ಕನ್ನಡದ ಕಲ್ಲಯ್ಯ ಮಾಸ್ತರರು ಉತ್ತರಪತ್ರಿಕೆಯನ್ನು ಅನುರಾಧಾ ಬಾಯಿಯವರ ಚಹಾದ ಕಪ್ಪಿನ ಪಕ್ಕದಲ್ಲಿಟ್ಟರು.

ಖಾನಾಪುರದ ಆ ಹೈಸ್ಕೂಲಿನಲ್ಲಿ ಅನುರಾಧಾ ಗಣಿತ ಕಲಿಸುತ್ತಿದ್ದರು. ಹತ್ತನೇ ತರಗತಿಯ ಮರಿಯಮ ಎಂದರೆ ಅವರಿಗೆ ಪ್ರಾಣ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಪೂರ್ತಿ ಅಂಕ ತೆಗೆದವಳು ಕನ್ನಡದಲ್ಲಿ ಫೇಲೇ?

"ಕನ್ನಡದಾಗ ಯಾರರ ಫೇಲ್ ಆಗ್ತಾರೇನ್ರಿ, ಸರ?"

"ಇದ ಮಾತ ಹೇಳಿ ಪ್ರತಿ ವರ್ಷಾ ನನ್ನ ಪಿರಿಯಡ್ ಕಸಗೊಂಡ್ರಿ. ಈಗ ಉಣ್ರಿ!"

ಅದು ಸುಳ್ಳಲ್ಲ. ಸಂಕ್ರಾಂತಿ ಕಳೆಯಿತೆಂದರೆ ಕನ್ನಡದ ಪಿರಿಯಡ್ ಗಣಿತದ ಪಾಲಾಗುವುದು ಆ ಶಾಲೆಯ ಪದ್ಧತಿ. ಯಾರೂ ಆದೇಶ ಮಾಡಿದ್ದಲ್ಲ. ಮಕ್ಕಳು ಎಡವುವುದು ಗಣಿತದಲ್ಲಿ, ಕನ್ನಡ ಹೇಗೋ ದಾಟುತ್ತದೆ ಎಂಬುದು ಎಲ್ಲರ ಲೆಕ್ಕಾಚಾರ. ಕಲ್ಲಯ್ಯನವರು ನಗುನಗುತ್ತಲೇ ಬಿಟ್ಟುಕೊಡುತ್ತಿದ್ದರು. ಹೊಟ್ಟೆ ಉರಿಯುತ್ತಿರಲಿಲ್ಲವೇ? ಉರಿಯುತ್ತಿತ್ತು. ಸಂಜೆ ಬೆಳಗಾವಿಯ ಬಸ್ಸು ಹಿಡಿದು ಅಲ್ಲಿನ ವಡಗಾವಿಯ ಮನೆ ಸೇರುವವರೆಗೂ ಉರಿಯುತ್ತಿತ್ತು.

ಅನುರಾಧಾ ಪತ್ರಿಕೆ ತಿರುವಿದರು. 'ತಾಯಿ ಏಕೆ ಅತ್ತಳು? ವಿವರಿಸಿ' ಎಂಬ ಪ್ರಶ್ನೆಗೆ 'ಮಗ ಬರಲಿಲ್ಲ' ಎಂದು ಬರೆದು, ಲೆಕ್ಕದ ಉತ್ತರಕ್ಕೆ ಹಾಕುವಂತೆ ಸುತ್ತ ಅಂದವಾದ ಚೌಕ ಹಾಕಿದ್ದಳು. ಮುಂದಿನ ಪುಟಗಳಲ್ಲೂ ಅದೇ ಕಥೆ.

"ಉತ್ತರೇನೋ ಖರೇನ ಐತಿ. ನಾಲ್ಕ ಮಾರ್ಕಿಗೆ ಒಂದ ಸಾಲು ಬರದ್ರ ನಾ ಏನ್ ಕೊಡ್ಲಿ?" ಎಂದರು ಕಲ್ಲಯ್ಯ. ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಬೆಳಗಾವಿಯ ಕಾಲೇಜೊಂದರಲ್ಲಿ ಮರಿಯಮಳಿಗೆ ವಿಜ್ಞಾನದ ಸೀಟು, ಹಾಸ್ಟೆಲು ಎರಡೂ ಸಿಗುವುದಿತ್ತು. ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಮೊದಲ ಸಲವೇ ಎಲ್ಲ ವಿಷಯ ಪಾಸಾಗಬೇಕು. ಅಪ್ಪ ಇಸ್ಮಾಯಿಲ ಆಗಲೇ ಅವಳಿಗೆಂದು ಟ್ರಂಕು ತಂದಿಟ್ಟಿದ್ದ.

ಮರುದಿನ ಅನುರಾಧಾ ತಮ್ಮ ಪಿರಿಯಡ್ಡಿನಲ್ಲಿ ಉಳಿದವರಿಗೆ ಲೆಕ್ಕ ಕೊಟ್ಟು, ಮರಿಯಮಳನ್ನು ಕರೆದುಕೊಂಡು ಪಕ್ಕದ ಖಾಲಿ ಕೋಣೆಗೆ ಬಂದರು. ಕಲ್ಲಯ್ಯನವರು ಅಲ್ಲೇ ಕೂತಿದ್ದರು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರ್ರಿ ಬಾಯಾರ, ಕುಂದರ್ರಿ," ಎಂದು ಕೆಣಕಿ, ಹುಡುಗಿಯತ್ತ ತಿರುಗಿದರು. "ಯಾಕವ್ವಾ, ಇಷ್ಟ ಯಾಕ ಬರದಿ?"

"ಉತ್ತರ ಬಂತಲ್ರಿ, ಸರ. ಮುಂದ ಬರದ್ರ ಫಾಲ್ತೂ ಆಗತೈತ್ರಿ."

"ಫಾಲ್ತೂ! ಹಂಗಾರ ನನ್ನ ಜನ್ಮಾನ ಫಾಲ್ತೂ ಆತಲ್ಲವಾ!" ಎಂದು ಮಾಸ್ತರರು ಹಣೆ ಚಚ್ಚಿಕೊಂಡರು. ಮರಿಯಮಳಿಗೆ ನಗು ಬಂತು. ಅವರು ಒಂದು ಹಾಳೆ ಕೊಟ್ಟು, ನಿನಗೆ ಭಾಳ ಬೇಕಾದವರ ಬಗ್ಗೆ ಬರಿ ಎಂದರು.

ಅವಳು ಕ್ಷಣದಲ್ಲಿ ಬರೆದು ಕೊಟ್ಟಳು. 'ನನ್ನ ನಾನಿ ನಜ್ಮುನ್ನಿಸಾ. ನನ್ನನ್ನು ಬೆಳೆಸಿದಳು. ಮಳೆಗಾಲದಲ್ಲಿ ತೀರಿಕೊಂಡಳು.' ಸುತ್ತ ಚೌಕ.

ಕಲ್ಲಯ್ಯನವರು ಚಾಳೀಸು ತೆಗೆದು ಸುಮ್ಮನೆ ಒರೆಸತೊಡಗಿದರು. ಅನುರಾಧಾ ಹಾಳೆಯನ್ನು ತಾವೇ ತೆಗೆದುಕೊಂಡು ಓದಿದರು. ದಿನಾ ಕಣ್ಣೆದುರಿಗೇ ಕೂರುವ ಹುಡುಗಿ. ಅಜ್ಜಿ ಹೋದದ್ದು ತನಗೆ ಗೊತ್ತೇ ಇಲ್ಲವಲ್ಲ ಎಂದು ಅವರಿಗೆ ತುಂಬ ಸಂಕಟವಾಯಿತು. ಅವರು ಬಂದು ಅವಳ ಬೆಂಚಿನಲ್ಲೇ ಕೂತರು.

"ಮರಿಯಮ, ಬರೇ ಉತ್ತರ ಬರದ್ರ ನಾ ಎಷ್ಟ ಮಾರ್ಕ್ ಕೊಡ್ತೀನಿ?"

"ಒಂದ್ರಿ, ಬಾಯಾರ."

"ಯಾಕ?"

"ಸ್ಟೆಪ್ಸ್ ಇಲ್ಲಂತ್ರಿ."

"ಮತ್ತ ಇದರಾಗ ಸ್ಟೆಪ್ಸ್ ಎಲ್ಲೆವ? ಬೆಳಸಿದ್ಳು ಅಂದಿ. ಹೆಂಗ ಬೆಳಸಿದ್ಳು? ತೀರಿಕೊಂಡ್ಳು ಅಂದಿ. ಅವತ್ತ ನೀ ಎಲ್ಲಿದ್ದಿ? ಒಂದೂ ಬಿಡದಂಗ ಬರಿ, ನನ್ನವ್ವಾ."

ಮರಿಯಮ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬರೆಯತೊಡಗಿದಳು. ನಾನಿಗೆ ಓದು ಬರುತ್ತಿರಲಿಲ್ಲ. ಆದರೂ ಸಂಜೆ ಲೆಕ್ಕ ಬಿಡಿಸುವಾಗ ಬಾಜೂಕ ಕೂತು, "ಬರಾಬರ್ ಆಯಾ ಕ್ಯಾ?" ಲೆಕ್ಕ ಸರಿ ಬಂತೇ ಎಂದು ಕೇಳುತ್ತಿದ್ದಳು. ಬಂತು ಎಂದರೆ ಅಂಗೈ ತುಂಬ ಹುರಿದ ಪುಠಾಣಿ ಕಾಳು. ಬರಲಿಲ್ಲ ಎಂದರೂ ಪುಠಾಣಿ, ಜೊತೆಗೊಂದು ಬೆಲ್ಲದ ಚೂರು.

ಮಾಸ್ತರರು ಹಿಂದೆ ನಿಂತು ಓದುತ್ತಿದ್ದರು. ಹಾಳೆಯ ಕೊನೆಗೆ ಅವಳು ಬರೆದಳು: 'ಆ ದಿನ ನಾನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಲೆಕ್ಕ ಮಾಡುತ್ತಿದ್ದೆ. ಲೆಕ್ಕ ಬರಾಬರ್ ಬಂತು. ಹೇಳಬೇಕೆಂದು ಒಳಗೆ ಓಡಿದೆ.'

ಕಲ್ಲಯ್ಯನವರಿಗೆ ತಡೆಯಲಾಗಲಿಲ್ಲ. "ಸಾಕವ್ವಾ, ಸಾಕು. ತಿಳೀತು ನಮಗ," ಎಂದರು.

ಮರಿಯಮ ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಲೆ ಎತ್ತದೆ ಎಡಗೈಯನ್ನು ಚಾಚಿದಳು.

"ಇನ್ನೊಂದ ಹಾಳಿ ಕೊಡ್ರಿ, ಸರ."