ಮೇ ತಿಂಗಳ ಸ್ವೆಟರ್

ಮದುವೆಯಾದ ಮೇಲೆ ಗುಳಿಗೆಯನ್ನು ಎಲ್ಲಿ ನಿಂತು ನುಂಗುವುದು? ಹೂವಿನ ಹಡಗಲಿಯ ರಮಾಳಿಗೆ ಕೆಲವು ದಿನಗಳಿಂದ ಇದೊಂದೇ ಚಿಂತೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಅರ್ಧ ತಾಸು ಚಹಾ ಕುಡಿಯಬಾರದು. ಹೊಸ ಸೊಸೆ ಚಹಾ ಬೇಡವೆಂದರೆ ಮನೆಯವರು ಕಾರಣ ಕೇಳದೇ ಬಿಡುತ್ತಾರೆಯೇ? ಬಚ್ಚಲುಮನೆಯೇ ಸರಿ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ, ಬಚ್ಚಲಲ್ಲಿ ನಿಂತು ಬಾಳು ಮಾಡುವುದೇ ಎಂದು ನಗುವೂ ಬಂತು.

ಬಿ.ಎ. ಕೊನೆಯ ವರ್ಷದಲ್ಲಿ ಟೈಫಾಯ್ಡ್ ಬಂದಾಗ ಅವಳ ರಕ್ತದಲ್ಲಿ ಥೈರಾಯ್ಡ್ ಅಂಶ ಕಡಿಮೆ ಕಂಡಿತ್ತು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಗಂಟಲಿನ ಥೈರಾಯ್ಡ್ ಗ್ರಂಥಿ ಕೊಡುವುದು ಹೆಚ್ಚಾಗಿ ಹಿಟ್ಟಿನಂಥ ಕಚ್ಚಾ ಅಂಶ, ಅದನ್ನು ರೊಟ್ಟಿ ಮಾಡಿಕೊಳ್ಳುವುದು ಮೈಯ ಕೆಲಸ. ದೊಡ್ಡ ಜ್ವರ ಬಂದಾಗ ಮೈ ತಾನಾಗಿಯೇ ರೊಟ್ಟಿ ಕಡಿಮೆ ಮಾಡುತ್ತದೆ, ಚೇತರಿಸಿಕೊಂಡರೆ ಮತ್ತೆ ಒಲೆ ಹೊತ್ತುತ್ತದೆ ಎಂದಿದ್ದರು. ಆದರೆ ಜ್ವರ ಹೋಗಿ ಎಷ್ಟೋ ದಿನವಾದರೂ ರಮಾ ತರಗತಿಯಲ್ಲಿ ತೂಕಡಿಸುತ್ತಲೇ ಇದ್ದಳು. ಮತ್ತೆ ಪರೀಕ್ಷೆ ಮಾಡಿಸಿದರೆ ಡಬ್ಬಿಯಲ್ಲಿ ಹಿಟ್ಟೇ ಇರಲಿಲ್ಲ, ಗ್ರಂಥಿಯೇ ಸೋತಿತ್ತು. ಅಂದಿನಿಂದ ದಿನಕ್ಕೊಂದು ಗುಳಿಗೆ. ಆ ದಿನದ ಹಿಟ್ಟು. ನಿಧಾನಕ್ಕೆ ರಮಾ ಮತ್ತೆ ರಮಾ ಆದಳು. ಅವ್ವ ಪಕ್ಕೀರಮ್ಮ ಮಾತ್ರ ಡಾಕ್ಟರಮ್ಮನ ಮಾತಿನ ಮೊದಲರ್ಧವನ್ನಷ್ಟೇ ಗಟ್ಟಿ ಹಿಡಿದಿದ್ದಳು: ಜ್ವರದಿಂದ ಬಂದದ್ದು, ಹೋಗುತ್ತದೆ. ಓಣಿಯವರಿಗೆ ಅದು ಶಕ್ತಿ ಗುಳಿಗೆ ಎಂದೇ ಹೇಳಿದ್ದಳು.

ಆ ಭಾನುವಾರ ಹರಪನಹಳ್ಳಿಯಿಂದ ಹೆಣ್ಣು ನೋಡಲು ಬಂದರು. ಹುಡುಗ ಪ್ರಬುದ್ಧ, ಶಾಲೆಯ ಮೇಷ್ಟ್ರು. ಮಿರ್ಚಿ ಭಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ರುಚಿಯಾಗಿದೆ ಎಂದು ಇನ್ನೊಂದಕ್ಕೆ ಕೈಹಾಕಿದ. ರಮಾಳಿಗೆ ಅಲ್ಲೇ ಹಿಡಿಸಿಬಿಟ್ಟ. ಹುಡುಗನ ಅಪ್ಪ ದುರುಗಪ್ಪ ಬಂದಾಗಿನಿಂದ ನಗಿಸುತ್ತಲೇ ಇದ್ದ. ತಾಯಿ ನಾಗಲಿಂಗಮ್ಮ ಮಾತ್ರ ಕಾಗೆಯೂ ನೆರಳು ಹುಡುಕುವ ಆ ಮೇ ಬಿಸಿಲಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು ಕುಳಿತಿದ್ದಳು. ಮುಖ ಬಾತಿತ್ತು, ದನಿ ಗೊಗ್ಗರಾಗಿತ್ತು. ಫ್ಯಾನು ಹಚ್ಚಲು ಹೋದರೆ ಬೇಡವೆಂದಳು. ರಮಾಳಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಮಂಡಕ್ಕಿ ತಟ್ಟೆ ಹಿಡಿದಂತೆಯೇ ಕಣ್ಣು ಮುಚ್ಚಿದಳು.

"ಕನ್ಯಾ ನೋಡಾಕ ಬಂದು ಅತ್ತಿನೇ ಮಲಗಿದ್ಲು ನೋಡ್ರಿ," ಎಂದ ದುರುಗಪ್ಪ. "ಮೊನ್ನಿ ರೊಟ್ಟಿ ಸುಡಾಕ ಕುಂತು ಅಲ್ಲೇ ನಿದ್ದಿ. ರೊಟ್ಟಿ ಕರ್ರಗಾದ್ವು, ಓಣಿ ಮಂದಿ ಬಂತು, ಇಕಿ ಏಳಲಿಲ್ಲ."

ಎಲ್ಲರೂ ನಕ್ಕರು. ಎಚ್ಚರಾದ ನಾಗಲಿಂಗಮ್ಮನೂ ನಕ್ಕಳು. "ಖರೇನ ಐತ್ರಿ. ಮೊದ್ಲು ಹಿಂಗ ಇರಲಿಲ್ಲ. ಈಗ ಭಾಳ ಮೈಗಳ್ಳಿ ಆಗೀನಿ."

ಆ ನಗು ರಮಾಳಿಗೆ ಗುರುತಿತ್ತು. ಕಾಲೇಜಿನಲ್ಲಿ ತನ್ನನ್ನು ಕುಂಭಕರ್ಣನ ತಂಗಿ ಎಂದವರ ಮುಂದೆ ಅವಳೂ ಹೀಗೆಯೇ ನಕ್ಕಿದ್ದಳು. ಈಗ ಬಾಯಿ ಬಿಟ್ಟರೆ ಗುಳಿಗೆಯ ಗುಟ್ಟೂ ಹೊರಬೀಳುತ್ತದೆ, ಮನಸ್ಸಿಗೆ ಬಂದ ಹುಡುಗ ಸಂಜೆ ಬಸ್ಸಿಗೆ ಹೋದವನು ಮತ್ತೆ ಬರಲಿಕ್ಕಿಲ್ಲ. ಬಾಯಿ ಬಿಡದಿದ್ದರೆ ಈ ಹೆಂಗಸು ತಾನು ಮೈಗಳ್ಳಿ ಎಂದೇ ನಂಬಿಕೊಂಡು ಅದೇ ಬಸ್ಸಿನಲ್ಲಿ ಹೋಗುತ್ತಾಳೆ.

ಅಷ್ಟರಲ್ಲಿ ರಮಾಳ ಅಪ್ಪ ಪಕ್ಕೀರಪ್ಪ, ರೂಢಿಯಂತೆ, ನೀನೂ ಏನಾದರೂ ಕೇಳುವುದಿದ್ದರೆ ಕೇಳವ್ವಾ ಎಂದ. ಕನ್ಯೆ ಇದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಬೇಕು, ಅಷ್ಟೇ.

ರಮಾ ನಾಗಲಿಂಗಮ್ಮನತ್ತ ತಿರುಗಿದಳು. "ಅತ್ತೀ, ನಿಮಗ ಬ್ಯಾಸಗ್ಯಾಗೂ ಥಂಡಿ ಅನಸ್ತೈತಿ, ಅಲ್ರಿ? ಕೂದ್ಲಾ ಉದುರ್ತಾವು? ಎಷ್ಟು ಮಲಗಿದ್ರೂ ದಣಿವು ಹೋಗಂಗಿಲ್ಲ?"

ನಾಗಲಿಂಗಮ್ಮನ ತೂಕಡಿಕೆ ಹಾರಿಹೋಯಿತು. "ಹೌದವ್ವಾ. ನಿನಗ ಹೆಂಗ ಗೊತ್ತಾತು?"

ಅಡುಗೆಮನೆಯ ಬಾಗಿಲಿಂದ ಅವ್ವ ಮಗಳತ್ತ ಕಣ್ಣು ಕೆಕ್ಕರಿಸಿದಳು. ಬೆನ್ನಿಗೇ ಅವಸರದಿಂದ, "ಓದಿದ ಹುಡುಗಿ ನೋಡ್ರಿ. ಯಾವುದೋ ಪುಸ್ತಕದಾಗ ಓದ್ಯಾಳ," ಎಂದಳು.

ದಾರಿ ತೆರೆದಿತ್ತು, ಹೂಂ ಎಂದರೆ ಸಾಕಿತ್ತು. ಪ್ರಬುದ್ಧ ತಟ್ಟೆ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ.

"ಪುಸ್ತಕದಾಗ ಅಲ್ರಿ," ಎಂದಳು ರಮಾ. "ನನಗೂ ಆ ಥೈರಾಯ್ಡ್ ಐತಿ. ದಿನಾ ಬೆಳಗ್ಗೆ ಗುಳಿಗಿ ನುಂಗ್ತೀನಿ, ಬದುಕಿರೋತನಾ ನುಂಗಬೇಕು. ನೀವೂ ಒಮ್ಮೆ ರಕ್ತ ತೋರಸ್ರಿ, ಅತ್ತೀ. ನೀವು ಮೈಗಳ್ಳಿ ಅಲ್ರಿ."